ಅಜ್ಜನ ಹಳೇ ಆಟದ ರೈಲಿಗೆ ಬೆಲೆ ಕಟ್ಟೋಕೆ ಹೋಗಿ ನಾನು ನೋಡಿದ ನಾಲ್ಕು ದಾರಿ

ನಮ್ಮಜ್ಜ ಪಾಲಿಬೆಟ್ಟದ ಹತ್ರ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯೋ ರೈಟರ್ ಆಗಿದ್ರು. ತೋಟದ ದೊರೆ ಇಂಗ್ಲೆಂಡಿಗೆ ವಾಪಸ್ ಹೊರಟಾಗ ಮಕ್ಕಳ ಆಟದ ರೈಲನ್ನ ಅಜ್ಜನ ಕೈಗೆ ಕೊಟ್ಟು ಹೋದ್ರಂತೆ. ಕೊಡಗಲ್ಲಿ ಇವತ್ತಿಗೂ ರೈಲು ಹಳಿ ಇಲ್ಲ ನೋಡಿ, ಅಪ್ಪ ಮೈಸೂರಲ್ಲಿ ನಿಜವಾದ ರೈಲು ನೋಡೋಕೆ ಮುಂಚೆನೇ ಇದನ್ನ ಓಡಿಸಿದ್ದು. ಈಗ ಮನೆ ಪಾಲಾಗ್ತಿದೆ, ದೊಡ್ಡಪ್ಪ "ಅದಕ್ಕೂ ಒಂದು ಬೆಲೆ ನೋಡಪ್ಪಾ" ಅಂದ್ರು, ಹಂಗೆ ಶುರುವಾಯ್ತು.

ಎಂಜಿನ್ ಹಾರ್ನ್‌ಬಿ ಡಬ್ಲೊ ಅನ್ನೋ ಇಂಗ್ಲೆಂಡಿನ ಆಟದ ರೈಲಿನ ಬ್ರ್ಯಾಂಡಿಂದು, ಹಸಿರು ಬಣ್ಣದ್ದು, ಹೆಸರು ಡಚೆಸ್ ಆಫ್ ಮಾಂಟ್ರೋಸ್, ನಂಬರ್ 46232. ಜೊತೆಗೆ ಎರಡು ತಗಡಿನ ಬೋಗಿ. ಲಿವರ್‌ಪೂಲಿನ ಮೆಕ್ಕಾನೊ ಕಂಪನಿ ಡಬ್ಲೊ ಶುರು ಮಾಡಿದ್ದು 1938ರಲ್ಲಿ, ಎರಡು ಹಳಿಯ ಮಾಡೆಲ್ ಬಂದಿದ್ದು 1959ರಲ್ಲಿ. ನಮ್ಮದು ನಡುವೆ ಕರೆಂಟ್ ಹಳಿ ಇರೋ ಮೂರು ಹಳಿಯದ್ದು.

ಮೊದಲು ಬೆಂಗಳೂರಲ್ಲಿ ಒಂದು ಹಳೇ ಸಾಮಾನಿನ ಅಂಗಡಿಗೆ ತಗೊಂಡು ಹೋದೆ. ಕೈಯಲ್ಲಿ ಎತ್ತಿ ತೂಕ ನೋಡಿ 1,500 ಅಂದ್ರು, ತಿರುಗಿಸಿ ಅಡಿಭಾಗ ಕೂಡ ನೋಡಲಿಲ್ಲ. ದುಡ್ಡು ಅಲ್ಲೇ ಕೈಗೆ ಬರುತ್ತೆ ನಿಜ, ಆದ್ರೆ ಅದು ಅವರು ಕೊಳ್ಳೋ ರೇಟು ಅಷ್ಟೇ, ರೈಲಿನ ಬೆಲೆ ಅಲ್ಲ.

ಎರಡನೇದು ಪ್ರೈಸ್ ಗೈಡ್, ಅಂದ್ರೆ ಹಳೇ ಆಟಿಕೆ ಕೂಡಿಡೋ ಕಲೆಕ್ಟರ್‌ಗಳ ಬೆಲೆ ಪಟ್ಟಿ. ಮಾಡೆಲ್ ಯಾವುದು, ಯಾವ ವರ್ಷದ್ದು ಅಂತ ಗುರುತಿಸೋಕೆ ಇದಕ್ಕಿಂತ ಒಳ್ಳೇದು ಇಲ್ಲ. ಬೆಲೆಗೆ ಮಾತ್ರ ನಂಬಬೇಡಿ, ಅಲ್ಲಿರೋ ದೊಡ್ಡ ಅಂಕಿ ಒರಿಜಿನಲ್ ಡಬ್ಬಿ ಸಮೇತ ಹೊಸದರ ಹಾಗೆ ಇರೋ ಪೀಸಿಗೆ. ನಮ್ಮ ಡಬ್ಬಿಯನ್ನ ಕೊಡಗಿನ ಮಳೆಗಾಲ ಯಾವತ್ತೋ ತಿಂದು ಹಾಕಿದೆ.

ನನಗೆ ಕಣ್ಣು ತೆರೆಸಿದ್ದು ಮೂರನೇದು, ಆನ್‌ಲೈನಲ್ಲಿ ಕೊಂಡು ಮಾರೋ ಇಬೇ. ಮೊದಲ ದಿನ 180 ಪೌಂಡ್ ಅಂತ ನೋಡಿ ಮನೆಯಲ್ಲೆಲ್ಲ ಹೇಳ್ಕೊಂಡು ಬಂದೆ, ಆಮೇಲೆ ಗೊತ್ತಾಯ್ತು ಅದು ಮಾರೋನು ಕೇಳ್ತಿರೋ ರೇಟು, ತಿಂಗಳುಗಟ್ಟಲೆ ಯಾರೂ ತಗೊಳ್ಳದೆ ಹಂಗೇ ಬಿದ್ದಿರುತ್ತೆ ಅಂತ. ಫಿಲ್ಟರಲ್ಲಿ 'ಸೋಲ್ಡ್' ಒತ್ತಿದ್ರೆ ನಿಜವಾಗಿ ಮಾರಾಟ ಆಗಿದ್ದು ಮಾತ್ರ ಬರುತ್ತೆ. ಅಲ್ಲಿ ನಮ್ಮಂಥದೇ ಡಬ್ಬಿ ಇಲ್ಲದ ಎಂಜಿನ್ 50ರಿಂದ 70 ಪೌಂಡಿಗೆ ಹೋಗಿತ್ತು. ಒಂದೇ ಮಾರಾಟ ನೋಡಿ ತೀರ್ಮಾನ ಮಾಡ್ಬೇಡಿ, ಹತ್ತಾದ್ರೂ ನೋಡಿ, ಫೋಟೋ ಝೂಮ್ ಮಾಡಿ ನಿಮ್ಮದರ ಜೊತೆ ಹೋಲಿಸಿ. ಪುಕ್ಕಟೆ, ಮನೇಲೇ ಕೂತು ಮಾಡಬಹುದು.

ಕೊನೆಗೆ ಇಂಗ್ಲೆಂಡಿನ ಒಂದು ಆಟಿಕೆ ಹರಾಜು ಸಂಸ್ಥೆಗೆ ಫೋಟೋ ಮೇಲ್ ಮಾಡಿದೆ. ಅವರು ಮತ್ತೆ ಕ್ಲೋಸಪ್ ಕೇಳಿದ್ರು, ಎಂಜಿನ್ ಮೂತಿದು, ಚಕ್ರದ್ದು, ಅಡಿಭಾಗದ್ದು. ನಾನು ಇಷ್ಟು ವರ್ಷ ನೋಡಿಯೂ ನೋಡದೇ ಇದ್ದದ್ದನ್ನ ಅವರು ಹಿಡಿದ್ರು: ಮೂತಿ ಹತ್ರ ಕಪ್ಪು ಬಣ್ಣ ಸ್ವಲ್ಪ ಜಾಸ್ತಿ ಹೊಳೆಯುತ್ತೆ, ಬ್ರಷ್ಷಿನ ಗೆರೆ ಸಣ್ಣದಾಗಿ ಕಾಣುತ್ತೆ. ಅಪ್ಪನ್ನ ಕೇಳಿದ್ರೆ ಹೌದು, ಚಿಕ್ಕವರಿದ್ದಾಗ ಮೆಟ್ಟಿಲಿಂದ ಬಿದ್ದು ಗೀರಾಗಿತ್ತಂತೆ, ಅಜ್ಜ ಬೈತಾರೆ ಅಂತ ಗೇಟಿಗೆ ಹೊಡೆಯೋ ಪೇಂಟ್ ಬಳಿದಿದ್ರಂತೆ! ಮೇಲಿಂದ ಬಳಿದ ಬಣ್ಣ ಕಲೆಕ್ಟರ್‌ಗೆ ದೊಡ್ಡ ಮೈನಸ್ಸು, ಗೀರು ಹಂಗೇ ಇದ್ದಿದ್ರೇ ವಾಸಿ ಇತ್ತು. ಅವರ ಅಂದಾಜು 30ರಿಂದ 40 ಪೌಂಡ್. ಅದರಲ್ಲೂ ಮಾರೋರಿಂದ ಅವರು ತಗೊಳ್ಳೋ ಕಮಿಷನ್, ಕಳಿಸೋ ಖರ್ಚು ಕಳೀಬೇಕು. ಹರಾಜಿನ ಹಳೇ ರಿಸಲ್ಟ್ ನೋಡುವಾಗ್ಲೂ ಹುಷಾರು, ಕೊಳ್ಳೋರು ಸುತ್ತಿಗೆ ಬಿದ್ದ ರೇಟಿನ, ಅಂದ್ರೆ ಕೊನೆಗೆ ಕೂಗಿದ ರೇಟಿನ ಮೇಲೆ ಹರಾಜು ಸಂಸ್ಥೆಗೆ ಪ್ರೀಮಿಯಂ ಬೇರೆ ಕಟ್ತಾರೆ, ಅದು ಮಾರಿದವರ ಕೈಗೆ ಬರಲ್ಲ.

ನನ್ನ ಮಟ್ಟಿಗೆ ಸೋಲ್ಡ್ ರೇಟೇ ಮೊದಲು, ಅದರಲ್ಲಿ ಒಳ್ಳೇ ಅಂಕಿ ಕಂಡ್ರೆ ಮಾತ್ರ ಹರಾಜಿನವರು. ಯಾವುದಕ್ಕೂ ಮುಂಚೆ ಲೋಹಕ್ಕೆ ಹೊಳಪು ಕೊಡೋ ಬ್ರಾಸೋ ಹಾಕಿ ಉಜ್ಜಬೇಡಿ, ಒಣ ಮೆತ್ತನೆ ಬ್ರಷ್ ಸಾಕು. ಹಳಿಗೆ ಕರೆಂಟ್ ಕೊಡೋ ಹಳೇ ಕಂಟ್ರೋಲರನ್ನ ಪ್ಲಗ್ಗಿಗಂತೂ ಹಾಕಲೇಬೇಡಿ, ನಮ್ಮದರ ವಯರಿನ ರಬ್ಬರ್ ಮುಟ್ಟಿದ್ರೆ ಪುಡಿ ಆಗ್ತಿತ್ತು.

ಪಾಲಿನ ಪಟ್ಟೀಲಿ 3,500 ರೂಪಾಯಿ ಅಂತ ಬರೆದ್ವಿ, ಅಪ್ಪನ ಭಾಗಕ್ಕೆ. ಈ ಮಳೆಗಾಲಕ್ಕೆ ಸಿಲಿಕಾ ಜೆಲ್ ಹಾಕಿ ಸ್ಟೀಲ್ ಡಬ್ಬೀಲಿ ಇಟ್ಟಿದೀನಿ.