ಮಗ್ಗುಲೋ, ತೊಟ್ಟಿಲೋ, ಜೋಲಿಯೋ? ಕೂಸಿನ ರಾತ್ರಿ ನಿದ್ದೆಯ ಏರ್ಪಾಟುಗಳ ಹೋಲಿಕೆ

ಕೂಸನ್ನು ಎಲ್ಲಿ ಮಲಗಿಸುವುದು ಎಂಬ ಮಾತು ಬಂದರೆ ಮನೆಯಲ್ಲಿ ಮೂರು ಪಕ್ಷ. ಬಾಣಂತನಕ್ಕೆ ಬಂದ ಅಜ್ಜಿ "ತಾಯಿ ಮಗ್ಗುಲು ಬಿಟ್ಟು ಕೂಸು ಇನ್ನೆಲ್ಲಿ ಮಲಗುತ್ತೆ?" ಅನ್ನುತ್ತಾರೆ. ಅಪ್ಪನಿಗೆ ನಿದ್ದೆಗಣ್ಣಲ್ಲಿ ಮಗುವಿನ ಮೇಲೆ ಹೊರಳಿಬಿಟ್ಟರೆ ಎಂಬ ಭಯ. ತಾಯಿಗೆ ಬೇಕಾದ್ದು, ಹೊಲಿಗೆ ಎಳೆಯದಂತೆ, ಸಲ ಸಲಕ್ಕೂ ಮಂಚ ಇಳಿಯದಂತೆ ಹಾಲು ಕುಡಿಸುವ ಅನುಕೂಲ. ಮೂವರ ಮಾತಲ್ಲೂ ನ್ಯಾಯವಿದೆ. ಆದರೆ ಇಲ್ಲಿ ಹೋಲಿಕೆಗೆ ಹಿಡಿದಿರುವ ಅಳತೆಗೋಲು ಬೇರೆ: ರಾತ್ರಿ ಮೂರು ಗಂಟೆಗೆ ಹಾಲು ಕುಡಿಸುತ್ತಾ ತಾಯಿಗೇ ಜೊಂಪು ಹತ್ತಿದರೆ ಏನಾಗುತ್ತದೆ? ಹುಟ್ಟಿದ ಹೊಸತರಲ್ಲಿ ಕೂಸು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತದೆ. ಜೊಂಪು ಹತ್ತೇ ಹತ್ತುತ್ತದೆ.

ವೈದ್ಯರಲ್ಲೂ ಒಮ್ಮತವಿಲ್ಲ. ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2022ರ ಸೂಚನೆಯಲ್ಲಿ ಕನಿಷ್ಠ ಆರು ತಿಂಗಳು ಒಂದೇ ಕೋಣೆ ಇರಲಿ, ಹಾಸಿಗೆ ಮಾತ್ರ ಬೇರೆಯಿರಲಿ ಎಂದಿದೆ. ಅಕಾಡೆಮಿ ಆಫ್ ಬ್ರೆಸ್ಟ್‌ಫೀಡಿಂಗ್ ಮೆಡಿಸಿನ್ 2020ರಲ್ಲಿ ಹೇಳಿದ್ದು ಬೇರೆ ಮಾತು: ಎದೆಹಾಲು ಕುಡಿಸುವ ತಾಯಿಯ ಪಕ್ಕ ಮಲಗಿಸುವುದನ್ನು ಸುಮ್ಮನೆ ನಿಷೇಧಿಸಬೇಡಿ, ಅಪಾಯ ಯಾವಾಗ ಹೆಚ್ಚು ಎಂದು ತಿಳಿಹೇಳಿ. ಹೀಗಾಗಿ ಅಮೆರಿಕದಲ್ಲಿ ಹೆರಿಗೆಯಾದ ಕನ್ನಡತಿಗೆ "ಬೇಡವೇ ಬೇಡ" ಎಂಬ ಮಾತು ಸಿಕ್ಕರೆ, ಇಂಗ್ಲೆಂಡಿನಲ್ಲಿರುವ ಅವಳ ತಂಗಿಗೆ "ಮಲಗಿಸುವುದಾದರೆ ಹೀಗೆ" ಎಂಬ ಸಲಹೆ ಸಿಗಬಹುದು. ಎರಡೂ ಕಡೆಯವರು ಒಪ್ಪುವ ಮಾತೊಂದಿದೆ: ಸೋಫಾದ ಮೇಲೆ ಅಥವಾ ಆರಾಮಕುರ್ಚಿಯಲ್ಲಿ ಕೂಸನ್ನು ತಬ್ಬಿಕೊಂಡು ನಿದ್ದೆಹೋಗುವುದು ಎಲ್ಲಕ್ಕಿಂತ ಅಪಾಯ. ಸೋಫಾದ ಬೆನ್ನಿಗೂ ದೊಡ್ಡವರ ಮೈಗೂ ನಡುವೆ ಮುಖ ಸಿಕ್ಕಿಕೊಂಡರೆ ಕೂಸಿಗೆ ಅದನ್ನು ಬಿಡಿಸಿಕೊಳ್ಳುವ ಶಕ್ತಿಯಿಲ್ಲ. "ಮಂಚದಲ್ಲಿ ಕುಡಿಸಿದರೆ ನಿದ್ದೆ ಬಂದುಬಿಡುತ್ತೆ" ಎಂದು ಹೆದರಿ ಸೋಫಾಕ್ಕೆ ಹೋಗುವ ತಾಯಂದಿರು ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗೆ.

ಒಂದೇ ಹಾಸಿಗೆಯ ಪಕ್ಷವನ್ನು ಮೊದಲು ನೋಡೋಣ. ಇದರ ಲಾಭ ನಿಜವಾದದ್ದೇ. ಕೂಸು ಪೂರ್ತಿ ಎಚ್ಚರವಾಗಿ ಅಳುವ ಮೊದಲೇ ಬಾಯಿ ಚಪ್ಪರಿಸುವುದು ತಾಯಿಗೆ ಕೇಳಿಸುತ್ತದೆ, ಹಾಲು ಬೇಗ ಸಿಗುತ್ತದೆ, ಇಬ್ಬರೂ ಬೇಗ ಮತ್ತೆ ಮಲಗುತ್ತಾರೆ. ಹಾಲು ಕುಡಿಸುವ ತಾಯಿ ಸಹಜವಾಗಿಯೇ ಕೂಸಿನ ಕಡೆ ತಿರುಗಿ, ಕೆಳಗಿನ ತೋಳನ್ನು ಅದರ ತಲೆಯ ಮೇಲ್ಗಡೆ ಚಾಚಿ, ಮಂಡಿಗಳನ್ನು ಅದರ ಪಾದಗಳ ಕೆಳಗೆ ಮಡಚಿ ಮಲಗುತ್ತಾಳೆ. ಆ ಭಂಗಿಯಲ್ಲಿ ಕೂಸು ಎದೆಯ ಮಟ್ಟದಲ್ಲೇ ಉಳಿಯುತ್ತದೆ, ದಿಂಬಿನತ್ತ ಏರುವುದಿಲ್ಲ. ಕುಡಿಸಿ ಮುಗಿದ ಮೇಲೆ ಅಂಗಾತ ಮಲಗಿಸಬೇಕು. ಬಾಟಲಿ ಹಾಲಿನ ಕೂಸಾದರೆ ಈ ಭಂಗಿ ತಾನಾಗಿ ಬರುವುದಿಲ್ಲ, ಅದನ್ನು ದಿಂಬಿನ ಹತ್ತಿರ ಮಲಗಿಸಿಬಿಡುವುದೇ ಹೆಚ್ಚು. ಅಲ್ಲಿಗೆ ಬೇರೆ ಹಾಸಿಗೆಯೇ ಸರಿ.

ಕೆಡುವುದು ಹಾಸಿಗೆಯಲ್ಲಿ. ಅಂಗೈ ಒತ್ತಿ ತೆಗೆದರೆ ಗುಂಡಿ ಉಳಿಯುವ ಮೆಮೊರಿ ಫೋಮ್, ನಡುವೆ ಕುಳಿ ಬಿದ್ದ ಹಳೇ ಹತ್ತಿ ಹಾಸಿಗೆ, ಎರಡೂ ಬೇಡ. ತಾಯಿಯ ಭಾರಕ್ಕೆ ಹಾಸಿಗೆ ತಗ್ಗಿ ಕೂಸು ಅವಳತ್ತ ಉರುಳಿ ಬೋರಲಾಗುತ್ತದೆ. ಗಟ್ಟಿ ತೆಂಗಿನ ನಾರಿನ ಹಾಸಿಗೆ ವಾಸಿ. ಮಂಚ 5 ಅಡಿ ಅಗಲದ್ದಾದರೆ ಇಬ್ಬರು ದೊಡ್ಡವರ ಜೊತೆ ಕೂಸಿಗೆ ಜಾಗ ಸಾಲದು. 6 ಅಡಿಯಲ್ಲೂ ಅಪ್ಪ ಕೂಸಿನ ಮಗ್ಗುಲಲ್ಲಿ ಇರಬಾರದು, ತಾಯಿ ನಡುವೆ ಇರಬೇಕು. ಆಗ ಕೂಸು ಮಂಚದ ಅಂಚಿಗೆ ಬರುತ್ತದೆ! ಅಂಚನ್ನು ಗೋಡೆಗೆ ತಾಗಿಸಿದರೆ ಹಾಸಿಗೆಗೂ ಗೋಡೆಗೂ ನಡುವಿನ ಸಂದು ಇನ್ನೂ ಕೆಟ್ಟದ್ದು, ದಿನ ಕಳೆದಂತೆ ಮಂಚ ಸರಿದು ಅಗಲವಾಗುತ್ತದೆ. ದಿಂಬಿನ ಗೋಡೆ ಕಟ್ಟುವುದೂ ಪರಿಹಾರವಲ್ಲ, ಅದೇ ಉಸಿರು ಕಟ್ಟಿಸಬಹುದು. ನಮ್ಮ ಪ್ರಕಾರ ಒಂದೇ ಹಾಸಿಗೆ ಬೇಕೆಂದರೆ ಅದು ನೆಲದ ಮೇಲಿರಬೇಕು, ಗೋಡೆಯಿಂದ ಎರಡಡಿ ದೂರ.

ಹೊದಿಕೆಯ ವಿಷಯ ಎಷ್ಟು ಹೇಳಿದರೂ ಕಡಿಮೆ. ಉತ್ತರ ಕರ್ನಾಟಕದ ಮನೆಗಳ ಕೌದಿ ದೊಡ್ಡವರಿಗೆ ಬೆಚ್ಚಗೆ, ಕೂಸಿನ ಮುಖದ ಮೇಲೆ ಬಂದರೆ ಅದಕ್ಕೆ ಎತ್ತಲಾಗದ ಭಾರ. ತಾಯಿ ಸ್ವೆಟರ್ ಹಾಕಿಕೊಂಡು ಹೊದಿಕೆಯನ್ನು ಸೊಂಟದವರೆಗೆ ಮಾತ್ರ ಎಳೆದುಕೊಳ್ಳಲಿ. ಉದ್ದ ಜಡೆ ಮೇಲೆತ್ತಿ ಕಟ್ಟಬೇಕು, ತಾಳಿ ಸರ ತೆಗೆದಿಡಬೇಕು, ನೈಟಿಯ ದಾರ ಒಳಗೆ ಸೇರಿಸಬೇಕು. ಕೂಸಿನ ಕತ್ತಿನ ಕಪ್ಪು ದಾರವನ್ನೂ ರಾತ್ರಿ ಬಿಚ್ಚಬೇಕು. ತಲೆ ದುಂಡಗಾಗಲಿ ಎಂದು ಇಡುವ ಸಾಸಿವೆ ದಿಂಬು, ನಿದ್ದೆಯಲ್ಲಿ ಕಣ್ಣಿನ ಮೇಲೆ ಜಾರುವ ಕುಲಾವಿ, ಬೆಚ್ಚಗಿರಲೆಂದು ಬಾಗಿಲು ಮುಚ್ಚಿದ ಕೋಣೆಯಲ್ಲಿಡುವ ಇದ್ದಿಲ ಅಗ್ಗಿಷ್ಟಿಕೆ, ಇವು ಅಜ್ಜಿಯರ ಜೊತೆ ಜಗಳವಾದರೂ ಬಿಡಬೇಕಾದವು. ಅಗ್ಗಿಷ್ಟಿಕೆಯ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ, ತಾಯಿ ಮಗು ಇಬ್ಬರಿಗೂ ಅಪಾಯ. ಕೂಸಿಗೆ ಸೆಕೆಯಾಗಿದೆಯೇ ಎಂದು ತಿಳಿಯಲು ಕೈಕಾಲು ಮುಟ್ಟಬೇಡಿ, ಅವು ತಣ್ಣಗೇ ಇರುತ್ತವೆ. ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಬೆವರಿದ್ದರೆ ಒಂದು ಪದರ ತೆಗೆಯಿರಿ.

ಕೆಲವು ಮನೆಗಳಲ್ಲಿ ಒಂದೇ ಹಾಸಿಗೆಯ ಮಾತೇ ಬೇಡ. 37 ವಾರಕ್ಕೆ ಮೊದಲೇ ಹುಟ್ಟಿದ ಅಥವಾ ಹುಟ್ಟುವಾಗ ಎರಡೂವರೆ ಕಿಲೋಗಿಂತ ಕಡಿಮೆ ತೂಗಿದ ಕೂಸು, ತಾಯಿ ತಂದೆಯರಲ್ಲಿ ಯಾರಾದರೂ ಬೀಡಿ ಸಿಗರೇಟು ಸೇದುವವರು (ಹೊರಗೆ ಸೇದಿ ಬಂದರೂ ಅಷ್ಟೇ), ಕುಡಿದವರು, ಮಂಪರು ತರುವ ಮಾತ್ರೆ ತಿಂದವರು. ಶೀತಕ್ಕೆಂದು ನುಂಗುವ ಎಷ್ಟೋ ಮಾತ್ರೆಗಳೂ ಇದರಲ್ಲಿ ಸೇರುತ್ತವೆ. ಶಿಶುಗಳ ಹಠಾತ್ ಸಾವು ಹೆಚ್ಚಾಗಿ ಕಾಣುವುದು ಒಂದರಿಂದ ನಾಲ್ಕು ತಿಂಗಳ ನಡುವೆ, ಬಹುಪಾಲು ಆರು ತಿಂಗಳೊಳಗೆ. ಕಟ್ಟುನಿಟ್ಟು ಬೇಕಾದ್ದು ಆಗಲೇ.

ತೊಟ್ಟಿಲಿಗೆ ಬರೋಣ. ಧಾರವಾಡ ಜಿಲ್ಲೆಯ ಕಲಘಟಗಿಯ ಅರಗಿನ ಬಣ್ಣದ ತೊಟ್ಟಿಲು ನೋಡಲು ಸೊಗಸು, ನಾಮಕರಣಕ್ಕೆ ಅದಕ್ಕಿಂತ ಚೆಂದದ್ದಿಲ್ಲ. ರಾತ್ರಿಯ ನಿದ್ದೆಗೆ ಬಳಸುವ ತೊಟ್ಟಿಲು ಯಾವುದೇ ಇರಲಿ, ಎರಡು ಅಳತೆ ನೋಡಬೇಕು. ಪಕ್ಕದ ಕಡ್ಡಿಗಳ ನಡುವಿನ ಸಂದು 6 ಸೆಂಟಿಮೀಟರ್ ಮೀರಬಾರದು, ಮೀರಿದರೆ ಮೈ ನುಸುಳಿ ತಲೆ ಸಿಕ್ಕಿಕೊಳ್ಳುತ್ತದೆ. ಹಾಸಿಗೆಗೂ ಚೌಕಟ್ಟಿಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಜಾಗವಿರಬಾರದು. ತೂಗುವ ತೊಟ್ಟಿಲಾದರೆ ಕೂಸು ಮಲಗಿದ ಮೇಲೆ ಅಲುಗದಂತೆ ಕೊಂಡಿ ಹಾಕಬೇಕು. ಒಂದು ಕಡೆ ವಾಲಿ ನಿಂತರೆ ಕೂಸು ಆ ಮೂಲೆಗೇ ಜರುಗಿ ಮುಖ ಕಡ್ಡಿಗೆ ಒತ್ತುತ್ತದೆ. ಮಗುಚಲು ಕಲಿತ ದಿನವೇ ತೂಗುತೊಟ್ಟಿಲಿನ ಕೆಲಸ ಮುಗಿಯಿತು. ಜೊಂಪಿನ ಪರೀಕ್ಷೆಯಲ್ಲಿ ತೊಟ್ಟಿಲು ಪಾಸಾಗುವುದು, ತಾಯಿ ಹಾಲು ಕುಡಿಸಿ ಎದ್ದು ಹಾಕಿ ಬಂದರೆ ಮಾತ್ರ.

ಸೀರೆ ಜೋಲಿಯನ್ನು ಹಗಲಿಗೆ, ಅದೂ ಯಾರಾದರೂ ಎದುರಿಗೇ ಕೂತಿರುವಾಗ ಮಾತ್ರ ಒಪ್ಪಬಹುದು. ರಂಪ ಮಾಡುವ ಕೂಸನ್ನು ಅದರಷ್ಟು ಬೇಗ ಸುಮ್ಮನಾಗಿಸುವುದು ಬೇರೊಂದಿಲ್ಲ, ಸರಿ. ಆದರೆ ಬೆನ್ನು ಬಿಲ್ಲಾಗಿ ಗದ್ದ ಎದೆಗೆ ಒತ್ತಿದಾಗ ಎಳೆಗೂಸಿನ ಉಸಿರಿನ ದಾರಿ ಕಿರಿದಾಗುತ್ತದೆ. ಬಟ್ಟೆ ಎರಡೂ ಕಡೆ ಮುಚ್ಚಿಕೊಳ್ಳುವುದರಿಂದ ಅದು ಹೊರಗೆ ಕಾಣುವುದೂ ಇಲ್ಲ. ಕಟ್ಟುವುದಾದರೆ ಸೀರೆ ಅಗಲಿಸುವ ಮರದ ಕಡ್ಡಿ ಹಾಕಿ, ಬಾಯಿ ತೆರೆದ ಕೊಕ್ಕೆಯ ಬದಲು ಮುಚ್ಚುವ ಕೊಂಡಿ ಬಳಸಿ, ಸ್ಪ್ರಿಂಗ್ ಇದ್ದರೆ ಅದರೊಳಗೆ ಒಂದು ಗಟ್ಟಿ ಹಗ್ಗ ಹಾಯಿಸಿ. ಸ್ಪ್ರಿಂಗ್ ತುಂಡಾದರೂ ಹಗ್ಗ ಹಿಡಿಯುತ್ತದೆ. ನೆಲದಿಂದ ಒಂದಡಿ ಎತ್ತರ ಸಾಕು. ಕೂಸನ್ನು ಎತ್ತಿಕೊಂಡ ಕೂಡಲೇ ಸೀರೆಯನ್ನು ಮೇಲೆತ್ತಿ ಗಂಟು ಹಾಕಿ, ಅದರಲ್ಲಿ ಜೋಕಾಲಿ ಆಡಲು ಹೋಗುವ ದೊಡ್ಡ ಮಕ್ಕಳ ಕತ್ತಿಗೆ ಸುತ್ತಿಕೊಳ್ಳುತ್ತದೆ.

ಮಂಚಕ್ಕೆ ಜೋಡಿಸುವ, ಒಂದು ಬದಿ ತೆರೆದ ಪುಟ್ಟ ಮಂಚ ಅಪಾರ್ಟ್‌ಮೆಂಟ್ ಮನೆಗಳಿಗೆ ಹೊಂದುತ್ತದೆ. ಅದರ ಎಡವಟ್ಟು ಎತ್ತರದಲ್ಲಿ: ದೊಡ್ಡವರ ಹಾಸಿಗೆ 6 ಅಥವಾ 8 ಇಂಚು ದಪ್ಪ, ಕೂಸಿನದು ಎರಡೋ ಮೂರೋ ಇಂಚು. ಮಟ್ಟ ಕೂಡದಿದ್ದರೆ ಮೆಟ್ಟಿಲಾಗುತ್ತದೆ, ಪಟ್ಟಿ ಬಿಗಿಯದಿದ್ದರೆ ಸಂದಾಗುತ್ತದೆ. ಆ ಸಂದಿಗೆ ಬಟ್ಟೆ ತುರುಕಬೇಡಿ. ಪಟ್ಟಿಯನ್ನು ವಾರಕ್ಕೊಮ್ಮೆ ಎಳೆದು ನೋಡಿ.

ಇವೆಲ್ಲಕ್ಕಿಂತ ನಮಗೆ ಮೇಲೆನಿಸಿದ್ದು ಅಂಗಡಿಯವರು ಮಾರಲಾಗದ ಏರ್ಪಾಟು: ನೆಲದ ಮೇಲೆ ತಾಯಿಗೊಂದು ಹಾಸಿಗೆ, ಅದರಿಂದ ಒಂದಡಿ ಬಿಟ್ಟು ಕೂಸಿಗೆ ಪುಟ್ಟದಾದ, ಗಟ್ಟಿಯಾದ ಇನ್ನೊಂದು. ಮೇಲೆ ಬಿಗಿಯಾಗಿ ಹಾಸಿದ ಒಂದೇ ಬಟ್ಟೆ, ಅದರಡಿ ರಬ್ಬರ್ ಶೀಟು. ತಾಯಿ ಕೂಸನ್ನು ಎಳೆದುಕೊಂಡು ಮಲಗಿಯೇ ಕುಡಿಸುತ್ತಾಳೆ, ಎಚ್ಚರವಿದ್ದರೆ ವಾಪಸ್ ಸರಿಸುತ್ತಾಳೆ, ಜೊಂಪು ಹತ್ತಿದರೂ ಕೂಸು ಗಟ್ಟಿ ಹಾಸಿಗೆಯ ಮೇಲೇ ಇರುತ್ತದೆ, ಬೀಳುವ ಎತ್ತರವೂ ಇಲ್ಲ. ತೊಂದರೆ ಇರುವೆಯದ್ದು. ಸುತ್ತ ಇರುವೆ ಚಾಕ್‌ಪೀಸ್ ಗೀಚಬೇಡಿ, ಅದು ವಿಷ. ಹಾಲು ಕಕ್ಕಿದ ಬಟ್ಟೆಯನ್ನು ಆಗಿಂದಾಗಲೇ ಹೊರಗೆ ಹಾಕಿದರೆ ಅರ್ಧ ಇರುವೆ ಬರುವುದಿಲ್ಲ. ಸೊಳ್ಳೆಗೆ ಕೊಡೆಯಂತೆ ಬಿಚ್ಚುವ ಪರದೆ ಸಾಕು, ಅದರ ಜೊತೆ ಬರುವ ಮೆತ್ತನೆ ಹಾಸಿಗೆ, ದಿಂಬು, ಪಕ್ಕದಿಂಬುಗಳನ್ನು ತೆಗೆದಿಟ್ಟು ಪರದೆಯನ್ನಷ್ಟೇ ಬಳಸಿ. ಹೆರಿಗೆ ಸಿಸೇರಿಯನ್ ಆಗಿದ್ದರೆ ಮೊದಲ ಕೆಲವು ವಾರ ನೆಲದಿಂದ ಏಳುವುದು ಕಷ್ಟ. ಅಷ್ಟು ದಿನ ಜೋಡಿಸುವ ಮಂಚವನ್ನು ಬಾಡಿಗೆಗೆ ತರುವುದು ಜಾಣತನ.

ತವರಿಗೋ ಮದುವೆ ಮನೆಗೋ ಹೋದಾಗ ಕೂಸಿನ ಆ ಪುಟ್ಟ ಹಾಸಿಗೆಯನ್ನು ಸುತ್ತಿ ಜೊತೆಗೇ ಒಯ್ಯಿರಿ. ಅಲ್ಲಿ ಹತ್ತು ಜನ ಸಾಲಾಗಿ ಮಲಗುವ ಹಜಾರದಲ್ಲಿ ಕೂಸಿಗೆ ಜಾಗ ಸಾಲಿನ ತುದಿಯಲ್ಲಿ, ತಾಯಿಯ ಆಚೆ. ಅಣ್ಣ ಅಕ್ಕ ಎಷ್ಟೇ ಹಟ ಮಾಡಿದರೂ ಅವರ ಪಕ್ಕದಲ್ಲಲ್ಲ.