ಎಲೀಟ್ ಡೇಂಜರಸ್: ವರ್ಷಗಟ್ಟಲೆ ಗ್ರಹ ಹುಡುಕಿದವನ ವಿಮರ್ಶೆ

ಎಲೀಟ್ ಡೇಂಜರಸ್ ಅಂದರೆ ಬಾಹ್ಯಾಕಾಶದಲ್ಲಿ ಹಡಗು ಹಾರಿಸಿಕೊಂಡು ತಿರುಗುವ ಕಂಪ್ಯೂಟರ್ ಗೇಮ್. ಇದರಲ್ಲಿ ಯುದ್ಧ ಇದೆ, ವ್ಯಾಪಾರ ಇದೆ, ಕಳ್ಳಸಾಗಣೆಯೂ ಇದೆ. ಅವುಗಳ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ನಾನು ಕಾರವಾರದಲ್ಲಿ ಕೂತು ಇಷ್ಟು ವರ್ಷ ಆಡಿದ್ದು ಒಂದೇ ಆಸೆಗೆ. ಯಾರ ಕಣ್ಣಿಗೂ ಬೀಳದ ಗ್ರಹ ಹುಡುಕಬೇಕು. ಹಾಗಾಗಿ ಇಲ್ಲಿರುವುದು ಅಷ್ಟರ ಮಾತು ಮಾತ್ರ.

ಬ್ರಿಟನ್ನಿನ ಫ್ರಾಂಟಿಯರ್ ಕಂಪನಿ 2014ರ ಡಿಸೆಂಬರಿನಲ್ಲಿ ಇದನ್ನು ಬಿಡುಗಡೆ ಮಾಡಿತು. ನಮ್ಮ ಆಕಾಶಗಂಗೆಯನ್ನೇ ನಿಜವಾದ ಅಳತೆಯಲ್ಲಿ ಕಟ್ಟಿದ್ದಾರೆ. ಸುಮಾರು 40,000 ಕೋಟಿ ನಕ್ಷತ್ರ ವ್ಯೂಹಗಳು, ಅಂದರೆ ನಮ್ಮ ಸೌರವ್ಯೂಹದಂಥವು. ವಿಜ್ಞಾನಿಗಳಿಗೆ ಗೊತ್ತಿರುವ ಸಾವಿರಾರು ನಕ್ಷತ್ರಗಳನ್ನು ಅವುಗಳ ಜಾಗದಲ್ಲೇ ಇಟ್ಟಿದ್ದಾರೆ. ಉಳಿದದ್ದನ್ನು ಸ್ಟೆಲ್ಲಾರ್ ಫೋರ್ಜ್ ಎಂಬ ಪ್ರೋಗ್ರಾಂ ಲೆಕ್ಕ ಹಾಕಿ ಹುಟ್ಟಿಸುತ್ತದೆ. ಆ ಲೆಕ್ಕ ಸುಮ್ನೆ ಅಲ್ಲ. 2017ರಲ್ಲಿ ಟ್ರಾಪಿಸ್ಟ್-1 ನಕ್ಷತ್ರಕ್ಕೆ ಏಳು ಗ್ರಹಗಳಿವೆ ಎಂಬ ಸುದ್ದಿ ಬಂತು. ಗೇಮಿನಲ್ಲಿ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಏಳು ಗ್ರಹಗಳ ಮಂಕು ನಕ್ಷತ್ರವೊಂದು ಮೊದಲೇ ಇತ್ತು! ಆಮೇಲೆ ಅದನ್ನೇ ತಿದ್ದಿ ಟ್ರಾಪಿಸ್ಟ್ ಮಾಡಿದರು.

ಇನ್ನು ಹುಡುಕುವ ಕೆಲಸ. ಒಂದು ವ್ಯೂಹದಿಂದ ಹೊಸ ವ್ಯೂಹಕ್ಕೆ ಒಂದೇ ನೆಗೆತಕ್ಕೆ ಜಂಪ್ ಮಾಡಿದ ಕೂಡಲೇ ಸ್ಕ್ಯಾನರ್ ಬಟನ್ ಒತ್ತಿ ಹಿಡಿಯಬೇಕು. ಭೋಂ ಎಂದು ಹಾರ್ನ್ ಹೊಡೆದು, ಇಲ್ಲಿ ಇಷ್ಟು ಆಕಾಶಕಾಯಗಳಿವೆ ಎಂದು ಸಂಖ್ಯೆ ಮಾತ್ರ ಹೇಳುತ್ತದೆ. ಎಲ್ಲಿವೆ, ಎಂಥವು ಅನ್ನುವುದನ್ನು ನಾವೇ ಪತ್ತೆ ಮಾಡಬೇಕು. ಹಡಗಿನ ವೇಗವನ್ನು ಪೂರ್ತಿ ಇಳಿಸಿ ಎಫ್‌ಎಸ್‌ಎಸ್ ಎಂಬ ಸ್ಕ್ಯಾನರ್ ಪರದೆ ತೆರೆದರೆ ಕೆಳಗೆ ರೇಡಿಯೋ ಡಯಲ್ಲಿನಂಥ ಉದ್ದನೆಯ ಪಟ್ಟಿ ಬರುತ್ತದೆ, ಅದರಲ್ಲಿ ಏರಿಳಿಯುವ ಅಲೆಗಳು. ಬಂಡೆ ಗ್ರಹಕ್ಕೆ ಒಂದು ಜಾಗ, ಗುರುವಿನಂಥ ಅನಿಲ ದೈತ್ಯನಿಗೆ ಇನ್ನೊಂದು. ಸರಿಯಾದ ಅಲೆಗೆ ಟ್ಯೂನ್ ಮಾಡಿ, ಆಕಾಶದಲ್ಲಿ ಅದರ ನೀಲಿ ಗುರುತು ಹುಡುಕಿ, ಜೂಮ್ ಮಾಡಿದರೆ ಗ್ರಹ ಎದುರಿಗೆ ಬಂದು ನಿಲ್ಲುತ್ತದೆ. ಭೂಮಿಯಂಥದ್ದಾದರೆ ಅದರ ಸದ್ದೇ ಬೇರೆ. ಒಳ್ಳೆ ಹೆಡ್‌ಫೋನ್ ಇದ್ದರೆ ಕಣ್ಣಿಗಿಂತ ಕಿವಿಗೇ ಮೊದಲು ಗೊತ್ತಾಗುತ್ತದೆ.

ಮಜಾ ಇರುವುದು ಕೊನೆಯ ಒಂದರಲ್ಲಿ. ಹನ್ನೆರಡರಲ್ಲಿ ಹನ್ನೊಂದು ಸಿಕ್ಕಿರುತ್ತವೆ, ಅದೊಂದು ಮಾತ್ರ ಇಲ್ಲ. ಪಟ್ಟಿಯಲ್ಲಿ ಅಲೆ ಕಾಣುತ್ತಿದೆ, ಆಕಾಶದಲ್ಲಿ ಗುರುತಿಲ್ಲ. ಗ್ರಹಗಳೆಲ್ಲ ಸಾಮಾನ್ಯವಾಗಿ ಒಂದೇ ಸಮತಲದಲ್ಲಿ ಸುತ್ತುವುದರಿಂದ ನಾವು ಆ ಸಾಲಿನಲ್ಲೇ ಕಣ್ಣಾಡಿಸುತ್ತಿರುತ್ತೇವೆ. ಅದೋ, ಓರೆ ಕಕ್ಷೆಯಲ್ಲಿ ತಲೆ ಮೇಲೆ ಎಲ್ಲೋ ಇರುತ್ತದೆ. ಇಲ್ಲವೇ ನಕ್ಷತ್ರದ ಬೆಳಕಿನಲ್ಲಿ ಮುಳುಗಿರುತ್ತದೆ. ಸಾಲು ಬಿಟ್ಟು ಮೇಲೆ ಕೆಳಗೆ ನೋಡಿ, ಆಮೇಲೆ ನಕ್ಷತ್ರದ ಅಂಚಿಗೆ ಬನ್ನಿ. ದೊಡ್ಡ ಗ್ರಹಗಳ ಪಕ್ಕದಲ್ಲೂ ಒಮ್ಮೆ ಜೂಮ್ ಮಾಡಿ, ಉಪಗ್ರಹವೊಂದು ಅಂಟಿಕೊಂಡಿರಬಹುದು.

ಜೂನ್, ಜುಲೈ ಮೀನುಗಾರಿಕೆ ನಿಷೇಧದ ದಿನಗಳಲ್ಲಿ ಇಲ್ಲಿನ ಮೀನುಗಾರಿಕೆ ಬಂದರು ಬೈತಖೋಲದ ಗೆಳೆಯನೊಬ್ಬ ಮನೆಗೆ ಬರುತ್ತಿರುತ್ತಾನೆ, ಅವನ ಅಪ್ಪ ಬೋಟು ನಡೆಸುವ ತಾಂಡೇಲ. ಎಫ್‌ಎಸ್‌ಎಸ್ ನೋಡಿದವನೇ, "ಇದು ನಮ್ಮ ಫಿಶ್ ಫೈಂಡರೇ ಅಲ್ವಾ ಮಾರಾಯಾ?" ಅಂದ. "ಅದರಲ್ಲಿ ಮೀನು ಕಂಡ್ರೆ ಬಲೆ ಹಾಕ್ತೀವಿ. ಇದನ್ನ ಕಂಡು ನೀ ಏನು ಮಾಡ್ತೀಯ?"

"ನನ್ನ ಹೆಸರು ಹಾಕ್ತೀನಿ" ಅಂದೆ.

ನಿಜವಾಗಿಯೂ ಅಷ್ಟೇ. ಮೊದಲು ಪತ್ತೆ ಮಾಡಿದವರ ಹೆಸರು ಆ ಗ್ರಹದ ವಿವರದಲ್ಲಿ ಉಳಿಯುತ್ತದೆ, ಮುಂದೆ ಅಲ್ಲಿಗೆ ಬರುವವರಿಗೆಲ್ಲ ಕಾಣುತ್ತದೆ. ಪ್ರೋಬ್ ಎಂಬ ಪುಟ್ಟ ಶೋಧಕಗಳನ್ನು ಗ್ರಹದತ್ತ ಹಾರಿಸಿ ನಕ್ಷೆ ಮಾಡಿದರೆ ಅದಕ್ಕೆ ಇನ್ನೊಂದು ಗುರುತು. ಆದರೆ ಹೆಸರು ಬೀಳುವುದು ಮಾಹಿತಿಯನ್ನು ಒಂದು ನಿಲ್ದಾಣಕ್ಕೆ ತಂದು ಮಾರಿದ ಮೇಲೆ. ಅಷ್ಟರೊಳಗೆ ಹಡಗು ಒಡೆದರೆ ಮಾರದ ಮಾಹಿತಿಯೆಲ್ಲ ಹೋಯಿತು. ಬೇರೆ ಯಾರಾದರೂ ಮೊದಲು ಮಾರಿದರೆ ಹೆಸರು ಅವರದ್ದು. ವಾರಗಟ್ಟಲೆ ತಿರುಗಿದ್ದನ್ನೆಲ್ಲ ಹೊತ್ತು ಮನೆ ಕಡೆ ಬರುವಾಗಿನ ಕೊನೆಯ ಜಂಪ್‌ಗಳಲ್ಲಿ ಇರುವ ಭಯ ಈ ಗೇಮಿನ ಯಾವ ಯುದ್ಧದಲ್ಲೂ ಇಲ್ಲ.

2018ರ ಡಿಸೆಂಬರಿನ ಅಪ್‌ಡೇಟಿಗೆ ಮೊದಲು ಈ ಟ್ಯೂನಿಂಗ್ ಇರಲಿಲ್ಲ. ದುಬಾರಿ ಸ್ಕ್ಯಾನರ್ ಹಾಕಿಸಿಕೊಂಡವರಿಗೆ ಒಂದೇ ಹಾರ್ನಿಗೆ ವ್ಯೂಹದ ನಕ್ಷೆಯೆಲ್ಲ ಬಿಚ್ಚಿಕೊಳ್ಳುತ್ತಿತ್ತು. ಅಗ್ಗದ್ದಕ್ಕೆ 500 ಜ್ಯೋತಿಸೆಕೆಂಡ್‌ವರೆಗೆ, ಅಂದರೆ ಬೆಳಕು 500 ಸೆಕೆಂಡಿನಲ್ಲಿ ಹೋಗುವಷ್ಟು ದೂರಕ್ಕೆ ಮಾತ್ರ ಕಣ್ಣು. ಅದರಾಚೆಯದನ್ನು ಹುಡುಕಲು, ಹಡಗು ಚಲಿಸುವಾಗ ಯಾವ ಚುಕ್ಕೆ ಜಾಗ ಬದಲಿಸುತ್ತದೆ ಎಂದು ನೋಡುತ್ತಾ ಹಾರಬೇಕಿತ್ತು. ವಿವರ ಬೇಕಾದರೆ ಪ್ರತಿಯೊಂದರ ಹತ್ತಿರ ಹೋಗಲೇಬೇಕು. ಹಳೇ ಆಟಗಾರರಲ್ಲಿ ಕೆಲವರಿಗೆ ಅದೇ ಇಷ್ಟ, ಎಫ್‌ಎಸ್‌ಎಸ್ ಅವರಿಗೆ ಬರೀ ಮಕ್ಕಳಾಟ. ನನಗೆ ಹಾಗನ್ನಿಸುವುದಿಲ್ಲ. ನಕ್ಷೆ ತಾನಾಗಿ ಬಿಚ್ಚಿಕೊಂಡರೆ ನಾವು ಹುಡುಕಿದ್ದೇನು?

ಬೇಸರಗಳೂ ಇವೆ. ಒಬ್ಬರೇ ಆಡಿದರೂ ಇಂಟರ್ನೆಟ್ ಬೇಕೇ ಬೇಕು. ಕಾರವಾರದ ಮಳೆಗಾಲದಲ್ಲಿ ಇದು ಸಣ್ಣ ಮಾತಲ್ಲ. ಕರೆಂಟ್ ಹೋದರೆ ಯುಪಿಎಸ್ ಇದೆ, ಲೈನ್ ಹೋದರೆ ಏನೂ ಇಲ್ಲ. ಪುಣ್ಯಕ್ಕೆ ಸಂಪರ್ಕ ತಪ್ಪಿದರೆ ಮಾಹಿತಿ ಕಳೆದುಹೋಗುವುದಿಲ್ಲ. ಮತ್ತೊಂದು, ಭೂಮಿಯಂಥ ಗ್ರಹ ಸಿಕ್ಕರೂ ಅದರ ಮೇಲೆ ಇಳಿಯುವ ಹಾಗಿಲ್ಲ. ಸಮುದ್ರ ಕಾಣುತ್ತದೆ, ಮೋಡ ಕಾಣುತ್ತದೆ, ಸುತ್ತು ಹಾಕಿ ಬರಬೇಕು ಅಷ್ಟೇ. ಸಮುದ್ರದ ದಂಡೆಯಲ್ಲೇ ಇರುವವನಿಗೆ ಇದು ಸ್ವಲ್ಪ ಜಾಸ್ತಿಯೇ ಚುಚ್ಚುತ್ತದೆ.

ರಾಕ್ಸ್‌ಲಾ ಬಗ್ಗೆಯೂ ಕೇಳಿರುತ್ತೀರಿ. ಈ ಸರಣಿಯ ಮೊದಲ ಗೇಮ್, 1984ರ ಎಲೀಟ್ ಕಾಲದಿಂದ ಬಂದ ದಂತಕಥೆಯ ಜಾಗ ಅದು. ಈ ಗೇಮಿನಲ್ಲಿ ಯಾರಿಗೂ ಸಿಕ್ಕಿಲ್ಲ. ಅದಕ್ಕಾಗಿಯೇ ಆಟ ಶುರು ಮಾಡಬೇಡಿ, ತಲೆ ಕೆಡುತ್ತದೆ.

ಕೊಳ್ಳುವುದಾದರೆ ಪಿಸಿಗೇ ಕೊಳ್ಳಿ. ಕನ್ಸೋಲ್‌ಗಳಿಗೆ ಹೊಸದನ್ನು ಕೊಡುವುದನ್ನು 2022ರಲ್ಲೇ ನಿಲ್ಲಿಸಿದ್ದಾರೆ. 2021ರಲ್ಲಿ ಬಂದ ಒಡಿಸ್ಸಿ ಎಂಬ ಹೆಚ್ಚುವರಿ ಭಾಗ ಹಾಕಿಕೊಂಡರೆ ತೆಳು ವಾತಾವರಣದ ಗ್ರಹಗಳಲ್ಲಿ ಇಳಿದು ನಡೆಯಬಹುದು, ಅಲ್ಲಿನ ಜೀವಿಗಳ ಮಾದರಿ ತೆಗೆಯಬಹುದು. ಬರೀ ಗ್ರಹ ಹುಡುಕುವುದಕ್ಕೆ ಮೂಲ ಗೇಮೇ ಸಾಕು, ಅದನ್ನೂ ಸೇಲ್ ಬಂದಾಗ ತಗೊಳ್ಳಿ. ಮೊದಲ ಹಡಗಾಗಿ ಡೈಮಂಡ್‌ಬ್ಯಾಕ್ ಎಕ್ಸ್‌ಪ್ಲೋರರ್ ನೋಡಿ. ಕಡಿಮೆ ದುಡ್ಡು, ಉದ್ದದ ಜಂಪ್. ನಕ್ಷತ್ರದಿಂದಲೇ ಇಂಧನ ಹೀರುವ ಫ್ಯುಯೆಲ್ ಸ್ಕೂಪ್ ಹಾಕಿಸದೆ ಮಾತ್ರ ಹೊರಡಬೇಡಿ.