ಮೆಟ್ಟಿಲಿಳಿದ ಬೂಟ್ ಸಂದೇಶ: ಸಿಆರ್ ಯಾರು ಹಾಕಬೇಕು?

ಬಿಡುವಾದಾಗ ರಾಸ್ಪ್‌ಬೆರಿ ಪೈ 3 ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಒಂದು ಪುಟ್ಟ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಬರೆಯುತ್ತಿದ್ದೇನೆ. ಲ್ಯಾಪ್‌ಟಾಪಿನಲ್ಲೇ ಬೋರ್ಡನ್ನು ಅನುಕರಿಸುವ ಕ್ಯೂಎಮು ಒಳಗೆ ಎಲ್ಲ ಚೆನ್ನಾಗಿತ್ತು. ನಿಜವಾದ ಬೋರ್ಡಿಗೆ ಸೀರಿಯಲ್ ಕೇಬಲ್ ಸಿಕ್ಕಿಸಿದರೆ, ಬೂಟ್ ಸಂದೇಶಗಳು ಮೆಟ್ಟಿಲಿಳಿದ ಹಾಗೆ ಬಲಕ್ಕೆ ಜಾರಿಕೊಂಡು ಹೋದವು. ಒಂದು ಸಾಲು ಎಲ್ಲಿ ಮುಗಿಯಿತೋ ಅದರ ಕೆಳಗೇ ಮುಂದಿನದು ಶುರು. 200 ರೂಪಾಯಿ ಕೇಬಲ್ ಅಲ್ವಾ, ಕೆಟ್ಟಿರಬೇಕು ಅಂತ 450 ಕೊಟ್ಟು ಇನ್ನೊಂದು ತರಿಸಿದೆ. ಅದರಲ್ಲೂ ಅದೇ ಮೆಟ್ಟಿಲು.

ತಪ್ಪು ನನ್ನದೇ. ಎಲ್‌ಎಫ್ (ಲೈನ್ ಫೀಡ್), ಅಂದರೆ 10 ಅನ್ನೋ ಬೈಟ್, ಕರ್ಸರನ್ನು ಒಂದು ಸಾಲು ಕೆಳಗಿಳಿಸುತ್ತದೆ, ಅಷ್ಟೇ. ಎಡ ಅಂಚಿಗೆ ತರೋದು 13, ಅಂದರೆ ಸಿಆರ್ (ಕ್ಯಾರೇಜ್ ರಿಟರ್ನ್). ಟೆಲಿಟೈಪ್ ಕಾಲದಿಂದಲೂ ಇವೆರಡೂ ಬೇರೆ ಬೇರೆ ಕೆಲಸ. ಕ್ಯೂಎಮು ಟರ್ಮಿನಲ್ಲಿನ ಇನ್‌ಪುಟ್ ಕಡೆಯನ್ನು ರಾ (ಏನೂ ಬದಲಿಸದೆ ದಾಟಿಸುವ ಹಾಗೆ) ಮಾಡಿದರೂ ಔಟ್‌ಪುಟ್ ಕಡೆ ಕೈ ಹಾಕಲ್ಲ. ಹಾಗಾಗಿ ಲ್ಯಾಪ್‌ಟಾಪಿನ ಲಿನಕ್ಸೇ ಸದ್ದಿಲ್ಲದೆ ಸಿಆರ್ ಸೇರಿಸುತ್ತಿತ್ತು. ಬೋರ್ಡಿನ ಸೀರಿಯಲ್ ಸಂದೇಶ ನೋಡಲು ಬಳಸುವ ಪಿಕೊಕಾಮ್ ಪ್ರೋಗ್ರಾಮ್ ಹಾಗಲ್ಲ. ಬಂದದ್ದನ್ನು ಬಂದ ಹಾಗೇ ತೋರಿಸುತ್ತದೆ.

ಮೂರು ದಾರಿ ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ನಾನು ಡ್ರೈವರ್ ಪಕ್ಷ, ಅಂದರೆ ಸೀರಿಯಲ್ ಪೋರ್ಟ್ ನಡೆಸುವ ಕರ್ನಲ್ ಕೋಡೇ ಸಿಆರ್ ಹಾಕಬೇಕು.

ಟರ್ಮಿನಲ್ಲಿನಲ್ಲೇ ಸರಿಪಡಿಸೋದು ಎಲ್ಲಕ್ಕಿಂತ ಸುಲಭ. ಪಿಕೊಕಾಮ್‌ಗೆ ಒಂದು ಐಮ್ಯಾಪ್ ಆಯ್ಕೆ (ಒಳಬರುವ ಬೈಟ್ ಬದಲಿಸೋದು), ಅದೇ ಥರದ ಮಿನಿಕಾಮ್‌ನಲ್ಲಿ ಕಂಟ್ರೋಲ್-ಎ ಒತ್ತಿ ಯು. ಆದರೆ ನಾನು ಇವತ್ತು ಒಂದು ಮಷೀನು, ನಾಳೆ ಇನ್ನೊಂದು ಅನ್ನೋ ಜಾತಿ. ಗೆಳೆಯನ ಲ್ಯಾಪ್‌ಟಾಪಿನಲ್ಲಿ ಸ್ಕ್ರೀನ್ ಅನ್ನೋ ಪ್ರೋಗ್ರಾಮ್ ಮಾತ್ರ ಇತ್ತು. ಮತ್ತೆ ಮೆಟ್ಟಿಲು.

ಪ್ರತಿ ಸ್ಟ್ರಿಂಗ್ ಕೊನೆಗೆ ಕೈಯಾರೆ ಸಿಆರ್-ಎಲ್‌ಎಫ್ ಬರೆಯೋದು ಬೇಡವೇ ಬೇಡ. ಕರ್ನಲ್ ಕುಸಿದಾಗ ಬರುವ ಪ್ಯಾನಿಕ್ ಸಂದೇಶದಲ್ಲೇ ಮರೆತಿದ್ದೆ.

ಉಳಿದದ್ದು ಡ್ರೈವರ್. ಆದರೆ ಡ್ರೈವರಿನ ಯಾವ ಪದರ? ಸುಮ್ನೆ ಯುಆರ್ಟಿನ (ಸೀರಿಯಲ್ ಪೋರ್ಟಿನ ಚಿಪ್) ಅತಿ ಕೆಳಗಿನ, ಒಂದೊಂದೇ ಬೈಟ್ ಕಳಿಸುವ ಪುಟ್‌ಸಿ ಫಂಕ್ಷನ್ನಿಗೇ ತುರುಕಿದೆ: 10 ಬಂದರೆ ಮೊದಲು 13 ಕಳಿಸು. ಮೆಟ್ಟಿಲು ಮಾಯ. ವಾರ ಬಿಟ್ಟು ಅದೇ ಫಂಕ್ಷನ್ನಿನಿಂದ ಒಂದು ಮೆಮೊರಿ ಪುಟವನ್ನು ಲ್ಯಾಪ್‌ಟಾಪಿಗೆ ಕಳಿಸಿದೆ. ಹೊರಟದ್ದು 4096 ಬೈಟ್, ಬಂದದ್ದು 4113. ಡೇಟಾ ಸರಿಯಾಗಿ ಬಂತಾ ಅಂತ ನೋಡುವ ಚೆಕ್‌ಸಮ್ ತಾಳೆಯಾಗಲಿಲ್ಲ. ಮತ್ತೆ ಕೇಬಲ್ ಮೇಲೇ ಅನುಮಾನ! ಎರಡು ಸಂಜೆ ಹಾಳಾದ ಮೇಲೆ ಹೆಕ್ಸ್‌ನಲ್ಲಿ ಒಂದೊಂದೇ ಬೈಟ್ ತೆಗೆದು ನೋಡಿದರೆ, ಡೇಟಾದಲ್ಲಿ 10 ಇದ್ದ ಹದಿನೇಳು ಕಡೆಯೂ ಅದಕ್ಕೆ ಮೊದಲು ಒಂದು 13 ಅಂಟಿಕೊಂಡಿದೆ. ಕೈಯಾರೆ ಬರೆದಿದ್ದ ಹಳೇ ಸ್ಟ್ರಿಂಗ್‌ಗಳು ಬೇರೆ 13, 13, 10 ಆಗಿ ಹೊರಡುತ್ತಿದ್ದವು. ಪರದೆಯಲ್ಲಿ ಏನೂ ಕಾಣಲ್ಲ. ಲಾಗ್ ಫೈಲಿನಲ್ಲಿ ಗ್ರೆಪ್ (ಪಠ್ಯ ಹುಡುಕುವ ಕಮಾಂಡ್) ಹಾಕಿ ಸಾಲಿನ ಕೊನೆ ಹುಡುಕಿದಾಗ ಗೊತ್ತಾಗುತ್ತದೆ.

ಲಿನಕ್ಸ್ ಇಲ್ಲಿ ಜಾಣ. ಕರ್ನಲ್ ಸಂದೇಶಗಳಿಗೆ ಸೀರಿಯಲ್ ಕೋರ್‌ನಲ್ಲಿ (ಎಲ್ಲ ಸೀರಿಯಲ್ ಡ್ರೈವರ್‌ಗಳಿಗೂ ಸಾಮಾನ್ಯವಾದ ಕೋಡ್) ಒಂದೇ ಕಡೆ ಸಿಆರ್ ಸೇರಿಸುತ್ತದೆ. ಪ್ರೋಗ್ರಾಮುಗಳ ಔಟ್‌ಪುಟ್ಟಿಗೆ ಟಿಟಿವೈ (ಟರ್ಮಿನಲ್) ಪದರದಲ್ಲಿ, ಬೇಡವಾದರೆ ಆರಿಸುವ ಹಾಗೆ. ನಾನೂ ಹಾಗೇ ಮಾಡಿದೆ. ಕೆಳಗಿನ ಪುಟ್‌ಸಿ ಕೊಟ್ಟದ್ದನ್ನು ಕಳಿಸುತ್ತದೆ, ಅದರ ಮೇಲಿನ ಕನ್ಸೋಲ್ ಪದರ ಮಾತ್ರ ಸಾಲು ನೋಡುತ್ತದೆ. ಸ್ಟ್ರಿಂಗ್‌ಗಳಲ್ಲಿ ಈಗ ಬರೀ ಎಲ್‌ಎಫ್.

ಖರ್ಚು? 115200 ಬಾಡ್‌ನಲ್ಲಿ (ಸೆಕೆಂಡಿಗೆ ಅಷ್ಟು ಬಿಟ್) ಸಾಲಿಗೊಂದು ಹೆಚ್ಚುವರಿ ಬೈಟ್, ಸುಮಾರು 87 ಮೈಕ್ರೋಸೆಕೆಂಡ್. ಒಳಬರುವ ಕಡೆ ಎಂಟರ್ ಕೀ 13 ಕಳಿಸುತ್ತದೆ, ಅದನ್ನು 10 ಮಾಡಿಕೊಂಡರೆ ಆಯಿತು.

ಕೇಬಲ್ಲಿಗೆ ದುಡ್ಡು ಸುರಿಯುವ ಬದಲು ಈ ನಾಲ್ಕು ಸಾಲಿನ ಕೋಡ್ ನನಗೆ ಸಾಕಿತ್ತು. ಬೇರೆಯವರ ಫರ್ಮ್‌ವೇರ್ (ಬೋರ್ಡಿನೊಳಗಿನ ತಂತ್ರಾಂಶ) ನೋಡುವಾಗ ಮಾತ್ರ ಈಗಲೂ ಪಿಕೊಕಾಮ್‌ನ ಐಮ್ಯಾಪ್ ಹಾಕುತ್ತೇನೆ, ಅದರ ಸೋರ್ಸ್ ನನ್ನ ಕೈಯಲ್ಲಿ ಇರಲ್ಲವಲ್ಲ.